ಹನ್ನೆರಡನೆಯ ಮುಖಪುಟ

ನಮ್ಮ ಮನೆತನದವರು ಎಲ್ಲಿ ಸೇರಿದರೂ ಒಂದು ಕತೆ ಹೇಳುತ್ತಾರೆ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಮಿಲಿಟರಿಯಿಂದ ರಜೆಗೆ ಬಂದಿದ್ದನಂತೆ. ಗಂಗಾವತಿಯಲ್ಲಿ ಬೋರ್ಡು ಬರೆಯುವ ಪೇಂಟರ್ ಆಗಿದ್ದ ಅಪ್ಪ ಅವನನ್ನು ಬಂದೂಕಿನ ಸಮೇತ ಅಂಗಳದಲ್ಲಿ ನಿಲ್ಲಿಸಿಕೊಂಡು, ನೋಡಿ ನೋಡಿ, ಕಾಮಿಕ್ಸ್ ಪುಸ್ತಕಗಳಿಗೆ ಹನ್ನೆರಡು ಮುಖಪುಟ ಬರೆದನಂತೆ. ಗದಗಿನ ಕಡೆಯ ಒಂದು ಸಣ್ಣ ಪ್ರೆಸ್ಸು ಅವನ್ನು ಅಚ್ಚು ಹಾಕಿ ಊರೂರಿನ ಬಸ್ ಸ್ಟ್ಯಾಂಡಿನಲ್ಲಿ ಮಾರಿತಂತೆ. ಮದುವೆಯ ಪಂಕ್ತಿಯಲ್ಲಿ ಕೂತರೂ ಇದೇ ಕತೆ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಇದೇ ಕತೆ. "ನಮ್ಮ ಮನಿ ಸಿಪಾಯಿ ಪುಸ್ತಕದ ಮ್ಯಾಲ ಬಂದಿದ್ದ ನೋಡ್ರಿ."

ಇದರಲ್ಲಿ ಪ್ರೆಸ್ಸು ನಿಜ, ಬಸ್ ಸ್ಟ್ಯಾಂಡು ನಿಜ, ಅಪ್ಪ ಬರೆದದ್ದೂ ನಿಜ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ರಜೆಗೆ ಬರುವ ಸಿಪಾಯಿಯ ಕೈಗೆ ಯಾವ ಸೈನ್ಯ ಬಂದೂಕು ಕೊಟ್ಟು ಕಳಿಸುತ್ತದೆ? ಈ ಒಂದು ಪ್ರಶ್ನೆಯನ್ನು ಇಷ್ಟು ವರ್ಷ ಒಬ್ಬರೂ ಕೇಳಲಿಲ್ಲ ಎಂಬುದೇ ನನಗೆ ಸೋಜಿಗ.

ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ನಿಂತು ನಿಂತು ನನಗೆ ಈ ಚಟ ಅಂಟಿದೆ. ಯಾರು ಏನೇ ಹೇಳಲಿ, ಮೊದಲು ಆಧಾರ ಕೇಳುತ್ತೇನೆ. ಮನೆಯಲ್ಲಿ ಉಳಿದಿದ್ದ ಆಧಾರ ಒಂದೇ ಒಂದು. ಅವ್ವ ಅಡುಗೆಮನೆಯ ಕಪಾಟಿನಲ್ಲಿ ಖಾರದಪುಡಿಯ ಡಬ್ಬಿಯ ಕೆಳಗೆ ಹಾಸಿದ್ದ ಒಂದು ಮುಖಪುಟ. ಅಪ್ಪನ ಹತ್ತಿರವಿದ್ದ ಉಳಿದ ಪ್ರತಿಗಳು ನಾನು ಹುಟ್ಟುವ ಮೊದಲೇ ಓಣಿಯ ಮಕ್ಕಳ ಕೈ ಸೇರಿ ಹರಿದುಹೋಗಿದ್ದವು. ಪ್ರೆಸ್ಸಿನವರು ಮೂಲಚಿತ್ರಗಳನ್ನು ವಾಪಸ್ ಕೊಟ್ಟಿರಲಿಲ್ಲ.

ಆ ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿರು ಅಂಗಿ, ಕಬ್ಬಿಣದ ಟೋಪಿ, ಹುರಿ ಮಾಡಿದ ಮೀಸೆ. ಹಿಂದೆ ಅರಿಶಿನ ಬಣ್ಣದ ಸ್ಫೋಟ. ಕೆಳಗೆ ಎಡಮೂಲೆಯಲ್ಲಿ ಬಾಯಿ ತೆರೆದು ಬೀಳುತ್ತಿರುವ ವೈರಿ. ಎಲ್ಲ ಸರಿ, ಆದರೆ ನಮ್ಮ ಸಿಪಾಯಿ ಬಂದೂಕನ್ನು ಬಲಗೈ ಒಂದರಲ್ಲೇ, ನೆಲದ ಕಡೆಗೆ ಇಳಿಜಾರಾಗಿ ಮುಂದಕ್ಕೆ ಚಾಚಿ ಹಿಡಿದಿದ್ದಾನೆ. ಎಡಗೈ ಸೊಂಟದ ಹತ್ತಿರ ಏನೂ ಇಲ್ಲದ ಗಾಳಿಯಲ್ಲಿ ಮುಷ್ಟಿ ಕಟ್ಟಿದೆ. ಬೆನ್ನಿನ ಮೇಲೆ ದೊಡ್ಡ ಗಂಟು, ಎರಡೂ ಹೆಗಲಿಗೆ ಪಟ್ಟಿ. ಮರುಭೂಮಿಯಲ್ಲಿ ನುಗ್ಗುತ್ತಿರುವ ಈ ಮಹಾವೀರ ಕಾಲನ್ನು ಮೊಣಕಾಲಿನತನಕ ಎತ್ತಿ, ಬೆರಳು ಮೊದಲು ಊರಿ ಇಡುತ್ತಿದ್ದಾನೆ. ನಮ್ಮ ಕಡೆ ಇದನ್ನು ನೋಡಿದ ಯಾರಿಗಾದರೂ ತಿಳಿಯಬೇಕು. ಇದು ಬತ್ತದ ಗದ್ದೆಯ ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತ ಪಂಪಿನಿಂದ ಎಣ್ಣೆ ಹೊಡೆಯುವವನ ಭಂಗಿ. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಬೆನ್ನಿಗೆ ಪಂಪು, ಬಲಗೈಯಲ್ಲಿ ಕೊಳವೆ, ಎಡಗೈ ಸೊಂಟದ ಪಕ್ಕದ ಹಿಡಿಕೆಯನ್ನು ಮೇಲೆ ಕೆಳಗೆ ಒತ್ತುತ್ತಿರಬೇಕು.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಹೋಗಿ ಮುಂದೆ ಹಿಡಿದೆ.

"ಅವ್ವಾ, ಇದು ದೊಡ್ಡಪ್ಪ ಅಲ್ಲ."

"ಹೌದಂತ ಯಾರಂದ್ರು?"

"ಎಲ್ಲಾರೂ ಅಂತಾರ."

"ಅನ್ನಲಿ. ನಿಂತಾಕಿ ನಾನ."

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿದಳು. ಆಗಷ್ಟೇ ಮದುವೆಯಾಗಿ ಗಂಗಾವತಿಯ ಬಾಡಿಗೆ ಕೋಣೆಗೆ ಬಂದಿದ್ದಳಂತೆ. ಅಪ್ಪನ ಅಂಗಿ ತೊಟ್ಟು, ಪಕ್ಕದ ಮನೆಯ ರೈತನಿಂದ ತಂದು ತೊಳೆದ ಖಾಲಿ ಪಂಪನ್ನು ಬೆನ್ನಿಗೆ ಏರಿಸಿಕೊಂಡು ನಿಲ್ಲಬೇಕಿತ್ತಂತೆ.

"ಒಂದು ತಾಸು ನಿಂತ್ರ ಬೆನ್ನು ಬಿದ್ದು ಹೋಗ್ತಿತ್ತು. ಇಳಸ್ಲೇನು ಅಂದ್ರ, ತಡಿ, ಇನ್ನೂ ಮೊಣಕೈ ಆಗಿಲ್ಲ ಅಂತಿದ್ದ ನಿಮ್ಮಪ್ಪ."

"ಮತ್ತ ಮೀಸಿ?"

"ಮೀಸಿ ಅವಂದು. ಕನ್ನಡಿ ನೋಡ್ಕೊಂಡು ಬರದಾನ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಯಾರು ಕೇಳಿದ್ರಿ? ಹೊಸದಾಗಿ ಬಂದ ಸೊಸಿ ಗಂಡಸರ ಅಂಗಿ ತೊಟ್ಟು ಕುಣೀತಾಳ ಅಂತ ಗೊತ್ತಾಗಿದ್ರ ನಿಮ್ಮಜ್ಜಿ ನನ್ನ ಸುಮ್ಮನ ಬಿಡ್ತಿದ್ಳೇನು?"

"ಬಂದೂಕು ಹಿಡಿಯೂದಂದ್ರ ಎಣ್ಣಿ ಪಂಪ್ ಹಿಡದಂಗೇನವ್ವಾ?"

"ಎಣ್ಣಿ ಹೊಡಿಯೂದು, ಬಣ್ಣ ಹೊಡಿಯೂದು, ಗುಂಡು ಹೊಡಿಯೂದು. ಎಲ್ಲಾ ಹೊಡಿಯೂದ ಅಲ್ಲೇನು? ಸರಿ ಆಕಡಿ, ರೊಟ್ಟಿ ಹೊತ್ತತಾವ."

ಭಾಷೆಯೇ ಅವಳ ಪರ ಸಾಕ್ಷಿ ಹೇಳುವಾಗ ನಾನು ಏನು ವಾದಿಸಲಿ?

ಮರುತಿಂಗಳು ಕೊಪ್ಪಳದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಮಕ್ಕಳ ಪುಸ್ತಕಗಳು ಯುದ್ಧವನ್ನು ವೈಭವೀಕರಿಸುತ್ತವೆ ಎಂಬುದು ವಿಷಯ. ನಾನು ಪರ. ಆ ಮುಖಪುಟವನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿಕೊಂಡು ಹೋಗಿ ಎಲ್ಲರಿಗೂ ಎತ್ತಿ ತೋರಿಸಿದೆ. ನೋಡಿ, ಈ ಸೈನಿಕನಿಗೆ ಚಳಿಯಿಲ್ಲ, ಹಸಿವಿಲ್ಲ, ಕಾಯುವ ಬೇಸರವಿಲ್ಲ. ಇವನಿಗೆ ಬೆನ್ನೇ ಇಲ್ಲ, ಯಾವಾಗಲೂ ಎದೆ. ಇವನ ಬಂದೂಕಿನ ಬಾಯಿ ವೈರಿಯ ಕಡೆಗಿಲ್ಲ, ಪುಸ್ತಕ ಕೊಳ್ಳುವ ಮಗುವಿನ ಕಡೆಗಿದೆ. ವೈರಿಯನ್ನು ಮೂಲೆಗೆ ಒತ್ತಿದ್ದಾರೆ, ಅವನಿಗೆ ಬರೀ ತೆರೆದ ಬಾಯಿ, ಮುಖವಿಲ್ಲ, ಯಾಕೆಂದರೆ ಅವನು ಮನುಷ್ಯನಲ್ಲ. ಮೇಲಿನ ಆಕಾಶ ಪೂರ್ತಿ ಖಾಲಿ, ಯಾಕೆಂದರೆ ಯುದ್ಧದ ಮೇಲೆ ದೇವರೂ ಇಲ್ಲ. ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು. ಬರೆದವನು ನನ್ನ ಅಪ್ಪ ಎಂದು ಅಲ್ಲಿ ಹೇಳಲಿಲ್ಲ. ಅದು ವಾದಕ್ಕೆ ಬೇಕಿರಲಿಲ್ಲ ಎಂದು ಆಗ ಅಂದುಕೊಂಡೆ. ಈಗ ಅಷ್ಟು ಖಾತ್ರಿಯಿಲ್ಲ.

ಮನೆಗೆ ಬಂದು ಇಡೀ ಭಾಷಣವನ್ನು ಅಪ್ಪನಿಗೆ ಇನ್ನೊಮ್ಮೆ ಒಪ್ಪಿಸಿದೆ. ಅವನು ಚಹಾ ಕುಡಿಯುತ್ತಿದ್ದ. ಕುಡಿಯುತ್ತಿದ್ದ ಅನ್ನುವುದು ಪೂರ್ತಿ ಸರಿಯಲ್ಲ. ನಾಲ್ಕು ವರ್ಷದಿಂದ ಅವನ ಬಲಗೈ ನಡುಗುತ್ತದೆ. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಹದ್ದುಬಸ್ತಿನಲ್ಲಿ ಇಡಬಹುದು ಎಂದಿದ್ದಾರೆ ಡಾಕ್ಟರು. ಅವ್ವ ಅರ್ಧ ಕಪ್ಪೇ ಕೊಡುತ್ತಾಳೆ. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು, ಬೇರೆ ಯಾರದೋ ಕೂಸಿನ ಕೈ ಹಿಡಿದಂತೆ ಹಿಡಿದುಕೊಂಡು ಬಾಯಿಗೆ ತರುತ್ತಾನೆ. ಫ್ಲೆಕ್ಸು ಬಂದು ಬೋರ್ಡಿನ ಕೆಲಸ ಹೋದ ಮೇಲೂ ಅಕ್ಕಿ ಗಿರಣಿಗಳ ಚೀಲದ ಮೇಲೆ ನವಿಲು, ಕಮಲ, ಎರಡು ಗಿಳಿ ಬರೆದು ಕೊಡುತ್ತಿದ್ದ. ನಡುಕ ಬಂದಮೇಲೆ ಅದೂ ನಿಂತಿತ್ತು.

"ಮ್ಯಾಲ ಆಕಾಶ ಯಾಕ ಖಾಲಿ ಬಿಟ್ಟೀನಿ ಅಂದಿ?"

"ದೇವರಿಲ್ಲ ಅಂತ."

"ಹೆಸರು ಅಚ್ಚು ಹಾಕಾಕ ನಾಕು ಬೆರಳು ಜಾಗ ಬಿಡು ಅಂದಿದ್ದ ಪ್ರೆಸ್ಸಿನಾಂವ."

ಅವ್ವ ಒಳಗಿನಿಂದ ನಕ್ಕದ್ದು ಕೇಳಿಸಿತು.

"ಮತ್ತ ವೈರಿ ಯಾಕ ಎಡಮೂಲ್ಯಾಗ?"

"ಬಲಮೂಲ್ಯಾಗ ಪುಸ್ತಕದ ಬೆಲಿ ಹಾಕ್ತಾರವಾ."

"ಹೋಗ್ಲಿ, ಬೆನ್ನು? ಹನ್ನೆರಡರಾಗ ಒಂದಕ್ಕರ ಬೆನ್ನು ಬರದಿಯೇನು?"

"ಬೆನ್ನು ತೋರಿಸೋ ಸಿಪಾಯಿನ್ನ ಯಾರು ಕೊಳ್ತಾರ?" ಎಂದವನು ತಾನೇ ತಿದ್ದಿಕೊಂಡ. "ಹನ್ನೊಂದಕ್ಕ ಇಲ್ಲ. ಹನ್ನೆರಡನೇದಕ್ಕ ಐತಿ. ಪುಸ್ತಕ ಬಂದ್ ಮಾಡ್ತೀನಿ, ಕಡೀದು ನಿನಗ ಹೆಂಗ ಬೇಕೋ ಹಂಗ ಬರಿ ಅಂದ ಪ್ರೆಸ್ಸಿನಾಂವ. ಒಬ್ಬ ಸಿಪಾಯಿ ಗಾಯ ಆದ ಗೆಳೆಯಾನ್ನ ಹೆಗಲಮ್ಯಾಲ ಹೊತ್ಕೊಂಡು ನಮಗ ಬೆನ್ನು ಮಾಡಿ ಹೊಂಟಾನ. ಹೊತ್ತವನ ಮಾರಿ ಕಾಣಂಗಿಲ್ಲ. ಹೆಗಲಮ್ಯಾಲಿನವನ ಮಾರಿ ನಮ್ಮ ಕಡಿ ಐತಿ. ಅದೊಂದು ನಾ ಬರದಿದ್ದು. ಉಳಿದಾವು ಪ್ರೆಸ್ಸಿನವಂದು."

ಆಮೇಲೆ ಕಪ್ಪು ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದ. "ಎಲ್ಲಾ ಒಂದ್ಸಲ ನೋಡಬೇಕು ಅನ್ನಸ್ತೈತಿ. ಈ ಕೈಯಿ ಏನೇನು ಮಾಡಿತ್ತು ಅಂತ ಇದಕ್ಕ ತೋರಿಸ್ಬೇಕು."

ನಡುಗುವ ಕೈಗೆ ಅದರದೇ ಹಳೆಯ ಕೆಲಸ ತೋರಿಸುವುದು. ಇಷ್ಟು ವರ್ಷಗಳಲ್ಲಿ ಅಪ್ಪ ತನಗಾಗಿ ಕೇಳಿದ ಇನ್ನೊಂದು ವಸ್ತು ನನಗೆ ನೆನಪಿಲ್ಲ.

ಪೂರ್ತಿ ಹನ್ನೆರಡು ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಅಪ್ಪ ಆಗ ಪ್ರತಿ ಸಂಚಿಕೆಯನ್ನೂ ಅಂಚೆಯಲ್ಲಿ ದೊಡ್ಡಪ್ಪನಿಗೆ ಕಳಿಸುತ್ತಿದ್ದ. ದೊಡ್ಡಪ್ಪ ಮಿಲಿಟರಿಯಲ್ಲಿ ಟ್ರಕ್ ಓಡಿಸುತ್ತಿದ್ದವನು, ನಿವೃತ್ತನಾಗಿ ಈಗ ಮರಳಿ ಎಂಬ ಹಳ್ಳಿಯಲ್ಲಿ ಎರಡೆಕರೆ ಬತ್ತ ಬೆಳೆದುಕೊಂಡಿದ್ದಾನೆ. ಹನ್ನೆರಡೂ ತನ್ನ ಟ್ರಂಕಿನಲ್ಲಿ ಭದ್ರವಾಗಿವೆ ಎಂದು ಅವನೇ ಎಲ್ಲರಿಗೂ ಹೇಳುತ್ತ ಬಂದಿದ್ದ. ಫೋನ್ ಮಾಡಿದೆ. ಮೊದಲ ಸಲ ಟ್ರಂಕಿನ ಕೀಲಿ ಕಳೆದಿತ್ತು. ಎರಡನೆಯ ಸಲ ಕೀಲಿ ಇನ್ನೂ ಸಿಕ್ಕಿರಲಿಲ್ಲ, ಮೇಲಾಗಿ ಪುಸ್ತಕಗಳಿಗೆ ನುಸಿ ಹತ್ತಿತ್ತು. ಮೂರನೆಯ ಸಲ ನಾಟಿ ನಡೆದಿತ್ತು, ಪುರುಸೊತ್ತಿರಲಿಲ್ಲ. ಮನೆಯವರು ನಕ್ಕರು. "ಅವಂಗ ತನ್ನ ಚಿತ್ರದ ಅಭಿಮಾನ. ಒಬ್ಬರ ಕೈಗೆ ಕೊಡಂಗಿಲ್ಲ."

ತನ್ನದಲ್ಲದ ಚಿತ್ರದ ಮೇಲೆ ಎಂಥ ಅಭಿಮಾನ? ನನ್ನ ತಲೆಯಲ್ಲಿ ಇನ್ನೊಂದು ಸಂಗತಿಯೂ ಕೊರೆಯುತ್ತಿತ್ತು. ಅಪ್ಪನ ಕೈ ನಡುಗಲು ಶುರುವಾದಾಗಿನಿಂದ ದೊಡ್ಡಪ್ಪ ನಮ್ಮ ಮನೆಗೆ ಬರುವುದು ಕಡಿಮೆಯಾಗಿತ್ತು. ಬಂದರೂ ಚಹಾ ಕೊಡುವ ಹೊತ್ತಿಗೆ ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದ.

ಬಸ್ಸು ಹತ್ತಿ ಮರಳಿಗೆ ಹೋದೆ. ಅವನು ಹಿತ್ತಲಿನಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ.

"ಏನವಾ ವಕೀಲವ್ವಾ! ಸಮನ್ಸ್ ತಂದಿಯೇನು?"

"ಜಪ್ತಿಗೆ ಬಂದೀನ್ರಿ ದೊಡ್ಡಪ್ಪ. ಟ್ರಂಕ್ ತೆಗೀರಿ."

"ಊಟ ಮಾಡು, ಮಜ್ಜಿಗಿ ಕುಡಿ, ಹೋಗು."

"ಮೂರು ಸಲ ಮೂರು ನೆಪ ಹೇಳೀರಿ. ಮೂರೂ ಒಂದಕ್ಕೊಂದು ಹೊಂದಂಗಿಲ್ಲ. ಕೀಲಿ ಕಳದಿದ್ದ ಟ್ರಂಕಿನಾಗ ನುಸಿ ಐತಿ ಅಂತ ನಿಮಗ ಹೆಂಗ ಗೊತ್ತಾತು?"

ಅವನು ಎಮ್ಮೆಯ ಕಡೆ ನೋಡಿದ. "ನೋಡಿದ್ಯೇನ, ನಮ್ಮ ತಮ್ಮನ ಮಗಳು ಹೆಂಗ ಮಾತಾಡ್ತಾಳ" ಎಂದು ಅದಕ್ಕೆ ಹೇಳಿದ. ಆದರೂ ಕೈ ತೊಳೆದುಕೊಂಡು ಒಳಗೆ ಬಂದ.

ಕಪ್ಪು ಟ್ರಂಕು. ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ನಂಬರು. ಅಕ್ಷರದ ತಿರುವು ನೋಡಿದರೇ ತಿಳಿಯುತ್ತಿತ್ತು, ಬರೆದದ್ದು ಅಪ್ಪ. ಉಣ್ಣೆಯ ಬನಿಯನ್ನಿನಲ್ಲಿ ಸುತ್ತಿದ್ದ ಕಟ್ಟನ್ನು ತೆಗೆದು, ಬಿಚ್ಚದೆ, ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಮೇಲೆ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟ. ನುಸಿ ಹತ್ತಿರಲಿಲ್ಲ. ಮುಖಪುಟದ ತುಂಬ ಬಾಲ್‌ಪೆನ್ನಿನ ಗೀಟು, ಬಾಣ, ಹಿಂದಿ ಅಕ್ಷರ, ನಾನು ಓದಲಾರದ ಇನ್ನೆರಡು ಲಿಪಿ.

"ನಮ್ಮ ಹುಡುಗ್ರು ಬರದಾರ. ನಿಮ್ಮಪ್ಪ ಕಳಿಸಿದ ಪುಸ್ತಕ ಬಂತಂದ್ರ ಬ್ಯಾರಕ್ಕಿನಾಗ ಕೈಯಿಂದ ಕೈಗೆ ಹೋಗ್ತಿತ್ತು. ಕನ್ನಡ ಯಾರಿಗೂ ಬರ್ತಿದ್ದಿಲ್ಲ. ಬರೇ ಮುಖಪುಟ ನೋಡಿ ನೋಡಿ ನಗ್ತಿದ್ರು."

ಇನ್ನೂ ಎರಡನ್ನು ಎಳೆದು ಕೊಟ್ಟು, ಅವನು ಒಂದೊಂದೇ ಅರ್ಥ ಹೇಳಿದ. ಸಿಪಾಯಿಯ ಹೊಳೆಯುವ ಬೂಟಿಗೆ ಬಾಣ ಎಳೆದು ಒಬ್ಬ ಬರೆದಿದ್ದ: ಇವನಿಗೆ ಬೂಟು ಕೊಟ್ಟ ಸ್ಟೋರಿನವನು ಯಾರು? ನನ್ನನ್ನೂ ಅಲ್ಲಿಗೆ ಕಳಿಸಿ. ಸೊಂಟದ ಹತ್ತಿರ: ನೀರಿನ ಬಾಟಲಿ ಮರೆತಿದ್ದಾನೆ, ಮಧ್ಯಾಹ್ನದ ಹೊತ್ತಿಗೆ ಗೆಲುವು ಗಿಲುವು ಎಲ್ಲ ಮರೆಯುತ್ತಾನೆ. ಸ್ಫೋಟದ ಪಕ್ಕ: ಬೆಂಕಿ ಚೆನ್ನಾಗಿದೆ, ಇದರ ಮೇಲೆ ಚಹಾ ಇಡಬಹುದಿತ್ತು. ಇನ್ನೊಂದರ ಮೇಲೆ, ಆ ಖಾಲಿ ಮುಷ್ಟಿಗೆ: ಈ ಕೈಯಲ್ಲಿ ಏನಿದೆ? ಊರಿನಿಂದ ಬಂದ ಬೆಲ್ಲವೇ? ಮತ್ತೊಂದರ ಮೇಲೆ, ಮಣಿಕಟ್ಟಿಗೆ ಸುತ್ತು ಹಾಕಿ: ಇಷ್ಟು ಸಪೂರ ಕೈ! ಮೀಸೆ ಬೋಳಿಸಿದರೆ ನಾನೇ ಮದುವೆಯಾಗುತ್ತೇನೆ.

ನನಗೆ ನಗು ತಡೆಯಲಾಗಲಿಲ್ಲ. ನಾನು ವೇದಿಕೆಯ ಮೇಲೆ ಹತ್ತು ನಿಮಿಷ ಭಾಷಣ ಮಾಡಿ ಸಾಧಿಸಿದ್ದನ್ನೆಲ್ಲ, ಅದರೊಳಗೆ ಬದುಕುತ್ತಿದ್ದವರು ಒಂದೊಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದರು. ಮುಖಪುಟದ ಯುದ್ಧವನ್ನು ನಂಬಿದವರಿಗೆ ನಾನು ಮರುಗಿದ್ದೆ. ಸಿಪಾಯಿಗಳಂತೂ ಒಬ್ಬರೂ ನಂಬಿರಲಿಲ್ಲ. ಆದರೂ ಮುಂದಿನ ಸಂಚಿಕೆ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರಂತೆ.

"ಇದನ್ನ ನಿಮ್ಮಪ್ಪಗ ಹೆಂಗ ತೋರಿಸ್ಲಿ ಹೇಳು? ಜೀವ ತೇಯ್ದು ಬರದಾನ. ನಿನ್ನ ಸಿಪಾಯಿನ್ನ ನೋಡಿ ಸಿಪಾಯಿಗಳೆಲ್ಲ ಹೊಟ್ಟಿ ಹಿಡ್ಕೊಂಡು ನಕ್ಕಾರ ಅಂತ ಹೇಳ್ಲೇನು? ಅಣ್ಣಾ, ಹುಡುಗ್ರು ಏನಂದ್ರು ಅಂತ ಪ್ರತಿ ಕಾಗದದಾಗ ಕೇಳ್ತಿದ್ದ. ಭಾಳ ಛಲೋ ಅಂದ್ರು ಅಂತ ಬರೀತಿದ್ದೆ."

"ಮೂವತ್ತು ವರ್ಷದ ಸುಳ್ಳಾತಲ್ರಿ."

"ತಮ್ಮಗ ಹೇಳೋ ಸುಳ್ಳಿಗೆ ಲೆಕ್ಕ ಇಡ್ತಾರೇನು?"

ಇಲ್ಲಿ ನಾನು ನನ್ನ ವಿದ್ಯೆಯನ್ನೆಲ್ಲ ಬಳಸಿದೆ. ಅಪ್ಪನಿಗೆ ಹೊಗಳಿಕೆ ಬೇಕಿಲ್ಲ, ತನ್ನ ಕೈಯ ಕೆಲಸ ನೋಡಬೇಕಿದೆ ಎಂದೆ. ಜನ ನಕ್ಕದ್ದು ಅವನ ಚಿತ್ರಕ್ಕಲ್ಲ, ಆ ಚಿತ್ರ ಹೇಳುವ ಸುಳ್ಳಿಗೆ, ಆ ಸುಳ್ಳು ಪ್ರೆಸ್ಸಿನವನದು ಎಂದು ಅಪ್ಪನೇ ಒಪ್ಪಿದ್ದಾನೆ ಎಂದೆ. ಕಡೆಗೆ, ನೋವಾಗುತ್ತದೋ ಇಲ್ಲವೋ ಎಂದು ಅವನ ಪರವಾಗಿ ತೀರ್ಮಾನಿಸಲು ನೀವು ಯಾರು ಎಂದೂ ಕೇಳಿಬಿಟ್ಟೆ. ದೊಡ್ಡಪ್ಪ ನನ್ನ ಕೈಯಿಂದ ಪುಸ್ತಕಗಳನ್ನು ಇಸಿದುಕೊಂಡು, ಬನಿಯನ್ನಿನಲ್ಲಿ ಮತ್ತೆ ಸುತ್ತಿದ.

"ಆತು. ಭಾನುವಾರ ನಾನ ತರ್ತೀನಿ."

ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ಗೆದ್ದ ಖುಷಿಯಲ್ಲಿ ಕಟ್ಟಿನಲ್ಲಿ ಎಷ್ಟಿವೆ ಎಂದು ಎಣಿಸುವುದು ಹೊಳೆಯಲಿಲ್ಲ. ಆಧಾರ ಆಧಾರ ಎಂದು ಬಡಬಡಿಸುವವಳು ನಾನು.

ಭಾನುವಾರ ಬೆಳಿಗ್ಗೆಯೇ ಅಪ್ಪ ಅವ್ವನ ಕೈಯಿಂದ ಗಡ್ಡ ಹೆರೆಸಿಕೊಂಡ. ಅಂಗಳದ ಮಂಚದ ಮೇಲೆ ಗಿರಣಿಯ ಹೊಟ್ಟಿನ ಬೂದಿ ಬಿದ್ದಿತ್ತು. ಗಂಗಾವತಿಯಲ್ಲಿ ಒಣಹಾಕಿದ ಬಟ್ಟೆಗೂ ಬೀಳುವ ಬೂದಿಯೇ ಅದು, ಆದರೂ ಅವನು ಮೂರು ಸಲ ಒರೆಸಿ ಬಿಳಿಯ ದುಪಟಿ ಹಾಸಿದ. ಅವ್ವ ಮಂಡಕ್ಕಿ ಒಗ್ಗರಣೆ ಹಾಕಿ ಮಿರ್ಚಿ ಕರಿಯುತ್ತಿದ್ದಳು. ಹನ್ನೊಂದು ಗಂಟೆಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲ ಎದೆಗೆ ಒತ್ತಿಕೊಂಡು ಬಂದ.

"ಬರ್ರಿ ಭಾವಾರ" ಎಂದಳು ಅವ್ವ. "ನನ್ನ ಲಗ್ನ ಆಗ್ತೀನಿ ಅಂದಾವ ಯಾರ್ರಿ ಅವ? ವಿಳಾಸ ಐತೇನು?"

ದೊಡ್ಡಪ್ಪ ಕಕ್ಕಾಬಿಕ್ಕಿಯಾಗಿ, ಆ ಸಾಲನ್ನು ಅವ್ವನಿಗೆ ಹೇಳಿದ್ದ ನನ್ನ ಕಡೆ ನೋಡಿದ. ಅವಳೇ ನಿಂತದ್ದು ಎಂಬುದು ಅವನಿಗೂ ಆಗಲೇ ಗೊತ್ತಾದದ್ದು. "ನೀನೇನವಾ ಆ ಸಿಪಾಯಿ! ಬ್ಯಾರಕ್ಕಿನಾಗ ಅರ್ಧ ಮಂದಿ ಅವನ ಕೈ ನೋಡಿ ಹಲುಬ್ತಿದ್ರು" ಎಂದು ಅವನು ನಕ್ಕ ಮೇಲೆ ಎಲ್ಲರಿಗೂ ಸಲೀಸಾಯಿತು.

ಅಪ್ಪ ಒಂದೊಂದನ್ನೂ ಎಡಗೈಯಲ್ಲಿ ಎತ್ತಿಕೊಂಡ. ಬಾಣಗಳನ್ನು ನೋಡಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಹಿಂದಿ ಓದಲು ಬರುತ್ತದೆ, ಬೋರ್ಡು ಬರೆದವನಿಗೆ ಅಕ್ಷರ ಗೊತ್ತಿರಬೇಕಲ್ಲ. ಮೊದಲನೆಯದನ್ನು ನಿಧಾನವಾಗಿ ಓದಿದ. ಎರಡನೆಯದಕ್ಕೆ ಮೂಗಿನಲ್ಲಿ ಒಂದು ಸದ್ದು ಬಂತು. ಬೆಲ್ಲದ ಸಾಲು ಬಂದಾಗ ಜೋರಾಗಿ ನಕ್ಕು ಕೆಮ್ಮು ಹತ್ತಿತು. "ಖರೇ ಐತಲ್ಲೋ ಅಣ್ಣಾ! ಪಂಪಿನ ಹಿಡಿಕಿ ತಗದೆ, ಅದರ ಜಾಗದಾಗ ಏನು ಬರೀಬೇಕಂತ ತಿಳೀಲಿಲ್ಲ, ಹಂಗ ಬಿಟ್ಟೆ. ಬೆಲ್ಲ ಬರದಿದ್ರ ಆಗ್ತಿತ್ತು!" ಬಲಗೈ ಚಿತ್ರದ ಮೇಲೆ ಅದುರುತ್ತಲೇ ಇತ್ತು, ಅವನು ಅದನ್ನು ತಡೆಯಲಿಲ್ಲ. ಬೂಟಿನ ಮಡಿಕೆ, ಗಲ್ಲದ ನೆರಳು, ಅರಿಶಿನದ ಅಂಚಿಗೆ ಕೊಟ್ಟ ಕೇಸರಿ ಎಲ್ಲವನ್ನೂ ಆ ಬೆರಳು ಅದುರುತ್ತಲೇ ಮುಟ್ಟಿ ಮುಟ್ಟಿ ನೋಡಿತು.

ದುಪಟಿಯ ಮೇಲೆ ಸಾಲಾಗಿ ಹರಡಿದೆವು. ಅಪ್ಪ ಕಣ್ಣಲ್ಲೇ ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಹನ್ನೊಂದ ಅದಾವ."

ದೊಡ್ಡಪ್ಪ ಮಿರ್ಚಿ ಮುರಿದು ತಟ್ಟೆಯಲ್ಲಿ ಇಟ್ಟ.

"ಅಣ್ಣಾ, ಕಡೀದು ಎಲ್ಲಿ? ಬೆನ್ನಿಂದು?"

"ಇಲ್ಲ."

"ಇಲ್ಲಂದ್ರ?"

ಆಗ ದೊಡ್ಡಪ್ಪ ಹೇಳಿದ. ಎದುರಿಗಿದ್ದ ಯಾರನ್ನೂ ನೋಡದೆ, ತಟ್ಟೆಗೆ ಹೇಳುವಂತೆ ಹೇಳಿದ. ಹೆಗಲ ಮೇಲಿನ ಗಾಯಾಳುವಿಗೆ ಅಪ್ಪ ಬರೆದ ಮುಖ ಕಲ್ಪನೆಯದಲ್ಲ. ದೊಡ್ಡಪ್ಪ ಒಮ್ಮೆ ಊರಿಗೆ ಒಂದು ಫೋಟೋ ಕಳಿಸಿದ್ದ. ಟ್ರಕ್ಕಿಗೆ ಒರಗಿ ನಿಂತ ತಾನು, ಪಕ್ಕದಲ್ಲಿ ತನ್ನ ಜೊತೆಗಾರ ಡ್ರೈವರು, ಉತ್ತರದ ಬೆಟ್ಟಗಳ ಕಡೆಯ ಹುಡುಗ. ಅಪ್ಪ ಆ ಹುಡುಗನ ಮುಖವನ್ನು ಎತ್ತಿಕೊಂಡಿದ್ದ. ಪುಸ್ತಕ ಬ್ಯಾರಕ್ಕಿಗೆ ಬಂದಾಗ ಹುಡುಗ ಕುಣಿದಾಡಿದನಂತೆ. ದಕ್ಷಿಣದ ಪುಸ್ತಕದಲ್ಲಿ ನಾನು ಬಂದಿದ್ದೇನೆ ಎಂದು ಮುಖಪುಟ ಹರಿದುಕೊಂಡು, ತಮಾಷೆಯ ಕಾಗದ ಬರೆದು, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ತಾಯಿಗೆ ಕಳಿಸಿದನಂತೆ.

"ಲಕೋಟಿಗೆ ಅಂಟು ಹಚ್ಚಿದಾವ ನಾನ."

ತಾಯಿಗೆ ಓದು ಬರುತ್ತಿರಲಿಲ್ಲ. ಕಾಗದ ಓದಿ ಹೇಳುವ ಮಾಸ್ತರು ಊರಲ್ಲಿರಲಿಲ್ಲ. ಲಕೋಟೆ ಒಡೆದಾಗ ಅವಳ ಕೈಗೆ ಬಂದದ್ದು, ಹಣೆಯ ಮೇಲೆ ರಕ್ತ, ತಲೆ ಜೋಲಿದ ಮಗನ ಮುಖ. ಮೇಲೆ ಯಾವುದೋ ಗೊತ್ತಿಲ್ಲದ ಲಿಪಿ. ಮಾಸ್ತರು ಬಂದು ಕಾಗದ ಓದುವ ತನಕ ಎರಡು ದಿನ ಅವಳು ಮಗ ಸತ್ತನೆಂದೇ ತಿಳಿದಿದ್ದಳು. ಆಮೇಲೆ ಅದೇ ಮಾಸ್ತರ ಕೈಯಿಂದ ಉತ್ತರ ಬರೆಸಿದಳು. ಹುಡುಗ ಅದನ್ನು ಬ್ಯಾರಕ್ಕಿನಲ್ಲಿ ಗಟ್ಟಿಯಾಗಿ ಓದಿ ನಕ್ಕನಂತೆ, ಎಲ್ಲರೂ ನಕ್ಕರಂತೆ.

"ಏನು ಬರಸಿದ್ಳು?" ನಾನು ಕೇಳಿದೆ.

ದೊಡ್ಡಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ನಮ್ಮ ಕಡಿ ಹೆಣ್ಮಕ್ಕಳು ಅಂತಾರಲ್ಲ, ಹಂಗ. ಇದನ್ನ ಬರದವನ ಕೈ ಸೇದಿಹೋಗ್ಲಿ, ಸ್ವಾಧೀನ ಇಲ್ದಂಗ ಆಗ್ಲಿ ಅಂತ."

ಕರಿಯುತ್ತಿದ್ದ ಅವ್ವ ಒಲೆ ಆರಿಸಿ ಹೊರಗೆ ಬಂದಳು.

"ಆಗ ನಾನೂ ನಕ್ಕೆ" ಎಂದ ದೊಡ್ಡಪ್ಪ. "ನಾಕು ವರ್ಷದ ಹಿಂದ ಇವನ ಕೈಯಾಗಿನ ಕಪ್ಪು ತುಳುಕ್ತು ನೋಡು, ಆವತ್ತಿನಿಂದ ನಗು ಬಂದಿಲ್ಲ. ಆ ಫೋಟೋ ಕಳಿಸಿದಾವ ನಾನು. ಅಂಟು ಹಚ್ಚಿದಾವ ನಾನು. ಶಾಪ ಇವಂಗ ಹತ್ತೇತಿ. ಎದುರಿಗೆ ಕೂತು ಹೆಂಗ ಚಾ ಕುಡೀಲಿ?"

ಅವನು ಟ್ರಂಕು ತೆಗೆಯದಿದ್ದದ್ದು ನಗುವಿನ ಸಾಲುಗಳಿಗಾಗಿ ಅಲ್ಲ. ಹನ್ನೊಂದನ್ನು ತೋರಿಸಿದರೆ ಹನ್ನೆರಡನೆಯದನ್ನು ಕೇಳುತ್ತಾರೆ ಎಂಬುದಕ್ಕಾಗಿ. ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ದೊಡ್ಡಪ್ಪ, ಇದು ನರದ ಕಾಯಿಲೆ. ಡಾಕ್ಟರು ಹೇಳ್ಯಾರ, ಇದಕ್ಕ ಹೆಸರೈತಿ, ಗುಳಿಗಿ ಐತಿ. ಇಪ್ಪತ್ತಾರು ವರ್ಷ ತಡಾ ಮಾಡಿ ಮುಟ್ಟೋ ಶಾಪ ಯಾವುದ್ರಿ? ಅದೂ ಅಂಚಿಯಾಗ ಬಂತೇನು? ಸಾವಿರಾರು ಮಂದಿಗೆ ಈ ನಡುಕ ಬರ್ತೈತಿ, ಅವರೆಲ್ಲ ಕಾಮಿಕ್ಸಿನ ಮುಖಪುಟ ಬರದಿದ್ರೇನು? ಒಂದಾದ ಮ್ಯಾಲ ಇನ್ನೊಂದು ಆತು ಅಂದ್ರ ಅದರಿಂದ ಇದಾತು ಅಂತ..."

"ಸಾಕವಾ" ಎಂದ ಅಪ್ಪ. ಮೆತ್ತಗೇ ಅಂದ. "ನೀ ಹೇಳಿದ್ದು ಖರೇ ಐತಿ. ಗೆದ್ದಿ. ಕೂಡು."

ಕೂತೆ. ಅವ್ವ ಬಂದು ಅಪ್ಪನ ಪಕ್ಕದಲ್ಲಿ ಕೂತು, ಅವನ ಬಲಗೈಯನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು. ಸೆರಗಿಗೆ ಹಸಿಹಿಟ್ಟು ಮೆತ್ತಿತ್ತು. ನಡುಕ ಅವಳ ಕೈಗೂ ಹಾಯ್ದು ಇಬ್ಬರ ಕೈಗಳೂ ಕೂಡಿ ಅದುರುತ್ತಿದ್ದವು.

"ಫೋಟೋದಾಗ ನೀವಿಬ್ಬರೂ ಇದ್ರಿ" ಎಂದ ಅಪ್ಪ ದೊಡ್ಡಪ್ಪನಿಗೆ. "ಮೊದ್ಲು ನಿನ್ನ ಮಾರಿನ ಬರದೆ. ಪೆನ್ಸಿಲ್ಲಿನ್ಯಾಗ. ಛಲೋ ಬಂದಿತ್ತು. ಆಮ್ಯಾಲ ಅನ್ನಿಸ್ತು, ನಮ್ಮವ್ವ ನೋಡ್ತಾಳಲ್ಲ. ಬಸ್ ಸ್ಟ್ಯಾಂಡಿನಾಗ ತೂಗಿಬಿಟ್ಟಿರ್ತಾರ, ಸಂತಿಗೆ ಹೋದಾಗ ಕಣ್ಣಿಗೆ ಬೀಳ್ತೈತಿ, ಮಗ ಗಾಯ ಆಗಿ ಬಿದ್ದಿದ್ದು ನೋಡಿದ್ರ ಆಕಿ ಎದಿ ಒಡ್ಕೋತಾಳ. ಅದಕ್ಕ ಅಳಿಸಿದೆ. ಅಳಿಸಿ, ಬಾಜೂಕಿನ ಹುಡುಗಂದು ಬರದೆ. ಅವಂಗೂ ಒಬ್ಬ ಅವ್ವ ಇರ್ತಾಳ ಅಂತ ನನಗ ಹೊಳೀಲೇ ಇಲ್ಲ."

ಮುಖಪುಟದ ವೈರಿಗೆ ಮುಖವಿಲ್ಲ ಎಂದು ವಾದಿಸಿ ಬಹುಮಾನ ತಂದವಳಿಗೆ, ಮುಖ ಕೊಡುವವನು ಯಾರ ಮಗನ ಮುಖ ಕೊಡಬೇಕು ಎಂಬ ಯೋಚನೆಯೇ ಬಂದಿರಲಿಲ್ಲ.

ದೊಡ್ಡಪ್ಪನ ಚಹಾ ಆರಿತ್ತು. ಈ ಸಲ ಅವನು ಅಂಗಳ ಬಿಟ್ಟು ಏಳಲಿಲ್ಲ. ಅವ್ವನ ಅಂಗೈಗಳ ನಡುವೆ ಅದುರುತ್ತಿದ್ದ ತಮ್ಮನ ಕೈಯನ್ನು, ನಾಲ್ಕು ವರ್ಷದಲ್ಲಿ ಮೊದಲ ಸಲ, ನೆಟ್ಟ ನೋಟದಿಂದ ನೋಡುತ್ತ ಕೂತಿದ್ದ. ಅಪ್ಪ ಅವನ ಕಡೆ ಸ್ವಲ್ಪ ಬಾಗಿದ.

"ಅಣ್ಣಾ, ಆ ಎರಡು ದಿನ ಆ ಹುಡುಗನ ಅವ್ವ ಒಬ್ಬಾಕೀನ ಇದ್ದಳೇನು, ಯಾರರ ಜೋಡಿ ಇದ್ದರೇನು?"